ಮನೆ ಸ್ವಂತದ್ದು, ಕಾರು ನಿಲ್ಲುವ ಜಾಗ ಯಾರದು?

ಬೆಂಗಳೂರು: ಒಂದು ಕಾರು ನಿಲ್ಲಲು ಕಟ್ಟಡ ಬೈಲಾ ಗೊತ್ತುಪಡಿಸಿರುವ ಜಾಗ 2.5 ಮೀಟರ್ ಅಗಲ, 5.5 ಮೀಟರ್ ಉದ್ದ. ಗುಣಿಸಿದರೆ 14 ಚದರ ಮೀಟರಿಗೂ ಕಡಿಮೆ. ಇಷ್ಟು ನೆಲಕ್ಕಾಗಿ ರಾಜಧಾನಿಯ ವಸತಿ ಸಮುಚ್ಚಯಗಳಲ್ಲಿ ನಡೆಯುವ ಕಲಹ ಕೆಲವೊಮ್ಮೆ ಪೊಲೀಸ್ ಠಾಣೆಯನ್ನೂ ನ್ಯಾಯಾಲಯವನ್ನೂ ಮುಟ್ಟುತ್ತದೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹಳೆಯ ಸಮುಚ್ಚಯಗಳನ್ನು ಮನೆಗೊಂದು ಕಾರಿನ ಲೆಕ್ಕದಲ್ಲಿ ಕಟ್ಟಲಾಯಿತು. ಸಣ್ಣ ಮನೆಗಳಿಗೆ ಅದೂ ಇರಲಿಲ್ಲ. ಪತಿ-ಪತ್ನಿ ಇಬ್ಬರೂ ದುಡಿಯುವ ಮನೆಗಳಲ್ಲಿ ಈಗ ಎರಡು ಕಾರು, ಜೊತೆಗೊಂದು ಸ್ಕೂಟರ್ ಸಾಮಾನ್ಯ. ನಗರದ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ನೆಲಮಾಳಿಗೆ ಮಾತ್ರ ಹಿಗ್ಗಿಲ್ಲ.

ಆದರೆ ಜಗಳದ ಬೇರು ಇರುವುದು ಮಾರಾಟದ ಹೊತ್ತಿನಲ್ಲೇ. ಫ್ಲಾಟಿನ ಬೆಲೆಯ ಮೇಲೆ ‘ಕಾರ್ ಪಾರ್ಕಿಂಗ್’ ಎಂದು ಬಿಲ್ಡರ್‌ಗಳು ಲಕ್ಷಗಟ್ಟಲೆ ಪಡೆಯುತ್ತಾರೆ. ಹಣ ತೆತ್ತವರು ಆ ಜಾಗವನ್ನು ತಮ್ಮ ಆಸ್ತಿ ಎಂದೇ ನಂಬುತ್ತಾರೆ. ಕಾನೂನಿನ ನಿಲುವು ಬೇರೆ. ಮುಂಬೈನ ಪಾಂಚಾಲಿ ವಸತಿ ಸಹಕಾರ ಸಂಘದ ಪ್ರಕರಣದಲ್ಲಿ 2010ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್, ಕಟ್ಟಡದ ಕಂಬಗಳ ನಡುವಿನ ನಿಲುಗಡೆ ಜಾಗ ಗ್ಯಾರೇಜ್ ಅಲ್ಲ, ಅದನ್ನು ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ ಎಂದು ತೀರ್ಪಿತ್ತಿತು. ಮಹಾರಾಷ್ಟ್ರದ ಕಾಯ್ದೆಯಡಿ ಬಂದ ತೀರ್ಪಾದರೂ ಅದರ ಪ್ರಸ್ತಾಪ ಇತರ ರಾಜ್ಯಗಳ ವ್ಯಾಜ್ಯಗಳಲ್ಲೂ ಆಗುತ್ತದೆ. 2016ರ ರೇರಾ ಕಾಯ್ದೆಯೂ ಸಾಮಾನ್ಯ ನೆಲಮಾಳಿಗೆ ಮತ್ತು ತೆರೆದ ನಿಲುಗಡೆ ಪ್ರದೇಶಗಳನ್ನು ಎಲ್ಲರ ಸ್ವತ್ತಿನ ಪಟ್ಟಿಗೆ ಸೇರಿಸಿದೆ. ಮೇಲೆ ಛಾವಣಿ, ಮೂರು ಕಡೆ ಗೋಡೆ ಇದ್ದರಷ್ಟೇ ಅದು ಗ್ಯಾರೇಜ್. ಬೆಂಗಳೂರಿನ ನೆಲಮಾಳಿಗೆಗಳಲ್ಲಿ ಬಣ್ಣದ ಗೆರೆಗಳಿವೆಯೇ ಹೊರತು ಗೋಡೆಗಳೆಲ್ಲಿವೆ?

ಹಾಗಾದರೆ ಹಂಚಿಕೆಯೇ ಅಕ್ರಮವೇ? ಹಾಗೇನಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ನಿಲುಗಡೆ ಪ್ರದೇಶವನ್ನು ಸಾಮಾನ್ಯ ಪ್ರದೇಶವೆಂದು ಕರೆಯುತ್ತದೆ, ಘೋಷಣಾ ಪತ್ರದಲ್ಲಿ ಬೇರೆ ರೀತಿ ಹೇಳಿರದಿದ್ದರೆ. ನಿರ್ದಿಷ್ಟ ಮನೆಗಳ ಬಳಕೆಗಷ್ಟೇ ಮೀಸಲಾದ ‘ಸೀಮಿತ ಸಾಮಾನ್ಯ ಪ್ರದೇಶ’ಕ್ಕೂ ಇದೇ ಕಾಯ್ದೆಯಲ್ಲಿ ಅವಕಾಶವಿದೆ. ಅಂದರೆ ಬಳಸುವ ಹಕ್ಕು ಮನೆಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಯಾಗಿ ಹೊರಗಿನವರಿಗೆ ಮಾರಲು ಬಾರದು. ಮನೆ ಕೊಳ್ಳುವವರು ಮಾದರಿ ಫ್ಲಾಟಿನ ಅಡುಗೆಮನೆಯನ್ನು ನೋಡುವ ಮೊದಲು ಈ ಪತ್ರವನ್ನು ಓದುವುದು, ಮಂಜೂರಾದ ನಕ್ಷೆಯೊಡನೆ ಹೋಲಿಸುವುದು ಒಳಿತು. ಅತಿಥಿಗಳಿಗೆಂದು ಬಿಡಬೇಕಾದ ಶೇ 10ರಷ್ಟು ಹೆಚ್ಚುವರಿ ಜಾಗವೂ ಯಾರದೋ ಹೆಸರಿಗೆ ಹಂಚಿಹೋಗಿರುವುದು ಆಗ ಬೆಳಕಿಗೆ ಬರಬಹುದು.

ಈಗಾಗಲೇ ನೆಲೆಸಿರುವವರಿಗೆ ಉಳಿದಿರುವುದು ಸಂಘದ ದಾರಿ. ಮೊದಲ ಕೆಲಸ ವಾಹನಗಳ ಗಣತಿ. ವರ್ಷಗಟ್ಟಲೆ ಧೂಳು ಹಿಡಿದು ನಿಂತ ಕಾರುಗಳು, ಬಾಡಿಗೆದಾರರು ಬಳಸದೆ ಖಾಲಿ ಬಿದ್ದ ಜಾಗಗಳು ಲೆಕ್ಕಕ್ಕೆ ಸಿಕ್ಕರೆ ಅರ್ಧ ಸಮಸ್ಯೆ ಇಳಿಯುತ್ತದೆ. ಎರಡನೆಯ ಕಾರಿಗೆ ವಾರ್ಷಿಕ ಶುಲ್ಕ ವಿಧಿಸಿ, ಉಳಿಕೆ ಜಾಗವನ್ನು ಚೀಟಿ ಎತ್ತಿ ಹಂಚುವುದು ನ್ಯಾಯವಾದ ಕ್ರಮ. ಆದರೆ ಇದಕ್ಕೆ ಸರ್ವಸದಸ್ಯರ ಸಭೆಯ ನಿರ್ಣಯ ಬೇಕು; ಪದಾಧಿಕಾರಿಗಳ ಮರ್ಜಿಯಲ್ಲಿ ನಡೆದ ಹಂಚಿಕೆ ಮುಂದಿನ ಚುನಾವಣೆಯವರೆಗೂ ಬಾಳುವುದಿಲ್ಲ. ಒಳರಸ್ತೆಯಲ್ಲಿ ಕಾರು ನಿಲ್ಲಿಸಲು ಮಾತ್ರ ಯಾವ ಸಭೆಯೂ ಒಪ್ಪಬಾರದು. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಬರುವುದೂ ಬೆಂಕಿ ಬಿದ್ದಾಗ ಅಗ್ನಿಶಾಮಕ ವಾಹನ ಬರುವುದೂ ಅದೇ ದಾರಿಯಲ್ಲಿ.

ಒಂದರ ಮೇಲೊಂದು ಕಾರು ನಿಲ್ಲಿಸುವ ಯಾಂತ್ರಿಕ ವ್ಯವಸ್ಥೆಯನ್ನು ಕೆಲವರು ನೆಚ್ಚಿದ್ದಾರೆ. ಸರಳ ಮಾದರಿಗಳಲ್ಲಿ ಮೇಲಿನ ಕಾರು ಇಳಿಯಬೇಕಾದರೆ ಕೆಳಗಿನದು ಹೊರಬರಬೇಕು. ಎರಡೂ ಒಂದೇ ಮನೆಯವಾದರೆ ಸರಿ. ನೆರೆಹೊರೆಯವರದಾದರೆ ಬೆಳಗಿನ ಕಚೇರಿ ವೇಳೆಯಲ್ಲಿ ಹೊಸ ಜಗಳ.

ವಿದ್ಯುತ್ ವಾಹನಗಳು ಬಂದ ಮೇಲೆ ಇನ್ನೊಂದು ತೊಡಕು ಸೇರಿದೆ. ಪ್ರತಿ ವರ್ಷ ಚೀಟಿಯಲ್ಲಿ ಜಾಗ ಬದಲಾಗುವ ಕಡೆ, ಗೋಡೆಗೆ ಕೂರಿಸಿದ ಚಾರ್ಜರ್ ಹಿಂದಿನವರದು, ನಿಲ್ಲುವ ಕಾರು ಇನ್ನೊಬ್ಬರದು. ಇಂಥ ಸಮುಚ್ಚಯಗಳು ಖಾಸಗಿ ಚಾರ್ಜರ್‌ಗಳಿಗೆ ಒಪ್ಪಿಗೆ ನೀಡುವ ಮೊದಲು ಕೆಲವು ಜಾಗಗಳನ್ನು ಸಾಮಾನ್ಯ ಚಾರ್ಜಿಂಗ್‌ಗೆ ಮೀಸಲಿಟ್ಟು, ಬೆಸ್ಕಾಂ ಮಂಜೂರು ಮಾಡಿರುವ ವಿದ್ಯುತ್ ಹೊರೆ ಸಾಕೇ ಎಂದು ಪರಿಶೀಲಿಸಬೇಕಾಗಿದೆ.