ಶಂಕರಪುರ: ಮಲ್ಲಿಗೆ ಊರಿನ ನೆಲ, ಜನ

ಶಂಕರಪುರ ಉಡುಪಿ ಜಿಲ್ಲೆಯ ಕಾಪು ತಾಲ್ಲೂಕಿನ ಒಂದು ಸಣ್ಣ ಪೇಟೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿರುವ ಕಟಪಾಡಿಯಿಂದ ಪೂರ್ವಕ್ಕೆ ತಿರುಗಿ ಶಿರ್ವದ ರಸ್ತೆ ಹಿಡಿದು ನಾಲ್ಕೈದು ಕಿಲೋಮೀಟರ್ ಹೋದರೆ ಈ ಪೇಟೆ ಸಿಗುತ್ತದೆ. ಇನ್ನಂಜೆ ಮತ್ತು ಕುರ್ಕಾಲು ಗ್ರಾಮಗಳು ಕೂಡುವ ಜಾಗದಲ್ಲಿ ಅಂಗಡಿ, ಚರ್ಚು, ಶಾಲೆ, ಅಂಚೆ ಕಚೇರಿಗಳ ಸುತ್ತ ಬೆಳೆದ ಊರು ಇದು. ಕಂದಾಯ ಲೆಕ್ಕದಲ್ಲಿ ಗ್ರಾಮವೆಂದರೆ ಇನ್ನಂಜೆ, ಕುರ್ಕಾಲುಗಳೇ. ಆದರೆ ಉಡುಪಿ, ಮಂಗಳೂರುಗಳ ಹೂವಿನ ಅಂಗಡಿಗಳಿಂದ ಹಿಡಿದು ಮುಂಬೈಯ ತುಳು, ಕನ್ನಡ, ಕೊಂಕಣಿ ಮನೆಗಳವರೆಗೆ ಜನ ಬಲ್ಲದ್ದು ಶಂಕರಪುರವನ್ನು. ಆ ಹೆಸರನ್ನು ಅಷ್ಟು ದೂರ ಕೊಂಡೊಯ್ದದ್ದು ಇಲ್ಲಿನ ಮಲ್ಲಿಗೆ. ಈ ಬೆಳೆ ಇಲ್ಲಿ ಬೇರೂರಿದ್ದಕ್ಕೆ ಇಲ್ಲಿನ ನೆಲದ ಗುಣವೂ ಜನ ನೆಲೆಸಿದ ರೀತಿಯೂ ಕಾರಣ.

ನೆಲ, ನೀರು, ಮಳೆ

ಪಶ್ಚಿಮಘಟ್ಟ ಮತ್ತು ಅರಬ್ಬಿ ಸಮುದ್ರದ ನಡುವಿನ ಕರಾವಳಿಯಲ್ಲಿ ಸಮುದ್ರದಿಂದ ಒಳಕ್ಕೆ ಸರಿದಂತೆ ಮೂರು ಬಗೆಯ ನೆಲ ಕಾಣಸಿಗುತ್ತದೆ. ಮೊದಲನೆಯದು ಮಟ್ಟು, ಕಾಪು ಕಡೆಯ ಮರಳಿನ ಪಟ್ಟಿ. ಅದರಾಚೆ ಹೊಳೆ, ಹಿನ್ನೀರು, ತಗ್ಗಿನ ಗದ್ದೆಗಳ ಪಟ್ಟಿ. ಆಮೇಲೆ ಮುರಕಲ್ಲಿನ ದಿಬ್ಬ, ಗುಡ್ಡ, ಪದವುಗಳು ಶುರುವಾಗುತ್ತವೆ. ಶಂಕರಪುರ ಇರುವುದು ಈ ಮೂರನೆಯ ಪಟ್ಟಿಯ ಅಂಚಿನಲ್ಲಿ. ಪಶ್ಚಿಮಕ್ಕೆ ಪಾಂಗಾಳದ ಹೊಳೆ ಮತ್ತು ಮಟ್ಟುವಿನ ಹಿನ್ನೀರು ಇವೆ. ಉತ್ತರಕ್ಕೆ ಉದ್ಯಾವರದ ಪಾಪನಾಶಿನಿ ಹೊಳೆ ಹರಿಯುತ್ತದೆ. ಈಶಾನ್ಯದ ಕಡೆ ಕುಂಜಾರುಗಿರಿ ಎದ್ದು ನಿಂತಿದೆ. ಗಿರಿಯ ನೆತ್ತಿಯಲ್ಲಿ ದುರ್ಗೆಯ ಗುಡಿ, ಬುಡದಲ್ಲಿ ಮಧ್ವಾಚಾರ್ಯರು ಹುಟ್ಟಿದ ಪಾಜಕ ಕ್ಷೇತ್ರ. ಪರಶುತೀರ್ಥ, ಧನುಸ್ತೀರ್ಥ, ಬಾಣತೀರ್ಥ, ಗದಾತೀರ್ಥ ಎಂಬ ನಾಲ್ಕು ಕೆರೆಗಳು ಗಿರಿಯ ಸುತ್ತ ಇವೆ.

ಇಲ್ಲಿನ ಮಣ್ಣು ಕೆಂಪು. ಅದರಡಿ ಮುರಕಲ್ಲು. ಅದೇ ಕಲ್ಲನ್ನು ಕೊಯ್ದು ಮನೆ ಕಟ್ಟುತ್ತಾರೆ, ಬಾವಿ ತೋಡುತ್ತಾರೆ. ಮಳೆ ಸುರಿದರೆ ನೀರು ನಿಲ್ಲದೆ ಬೇಗ ಇಳಿದುಹೋಗುತ್ತದೆ. ಉಡುಪಿ ಸುತ್ತಮುತ್ತ ವರ್ಷಕ್ಕೆ ಸರಾಸರಿ 4,000 ಮಿಲಿಮೀಟರ್ ಆಸುಪಾಸು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಮಾರ್ಚ್ ದಾಟಿದರೆ ಬಾವಿಯ ನೀರು ಪಾತಾಳಕ್ಕಿಳಿಯುತ್ತದೆ. ಮಲ್ಲಿಗೆಯ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಬೇಸಗೆಯಲ್ಲಿ ಬುಡ ಒಣಗಿದರೆ ಮೊಗ್ಗು ಸೊರಗುತ್ತದೆ. ಹಾಗಾಗಿ ನೀರು ಬಸಿದುಹೋಗುವ ಎತ್ತರದ ಅಂಗಳ ಮತ್ತು ಅದರ ಮಗ್ಗುಲಲ್ಲೇ ಒಂದು ಬಾವಿ, ಇವೆರಡಿದ್ದ ಮನೆಗೆ ಈ ಬೆಳೆ ಒಗ್ಗಿತು.

ತುಳುನಾಡಿನ ರೈತರು ಗದ್ದೆಯನ್ನು ನೀರಿನ ಲೆಕ್ಕದಲ್ಲಿ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ತಗ್ಗಿನ ಬೈಲಿನಲ್ಲಿ ನೀರು ವರ್ಷದ ಬಹುಕಾಲ ಇರುವುದರಿಂದ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ ಸಾಧ್ಯ. ಅದಕ್ಕಿಂತ ಮೇಲಿನ ಮಜಲಿನಲ್ಲಿ ಎರಡು ಬೆಳೆ. ಎಲ್ಲಕ್ಕೂ ಎತ್ತರದ ಬೆಟ್ಟು ಗದ್ದೆಗೆ ಮಳೆಗಾಲದ ಏಣೆಲು ಒಂದೇ ಗತಿ. ಭತ್ತಕ್ಕೆ ಕನಿಷ್ಠ ಎನಿಸಿಕೊಂಡ ಇಂಥ ಎತ್ತರದ ನೆಲವೇ ಹೂವಿಗೆ ಒದಗಿಬಂತು.

ಮನೆ ಕಟ್ಟಿದ ಬಗೆ, ಗಡಿ ಎಳೆದ ಬಗೆ

ಬಯಲುಸೀಮೆಯಂತೆ ಮನೆಗೆ ಮನೆ ತಾಗಿ ನಿಂತ ಬೀದಿಗಳು ಕರಾವಳಿಯ ಹಳ್ಳಿಗಳಲ್ಲಿ ಇಲ್ಲ. ಒಂದೊಂದು ಮನೆಯೂ ತನ್ನ ಹಿತ್ತಿಲು, ತೆಂಗು, ಬಾವಿಗಳೊಂದಿಗೆ ಗದ್ದೆಯ ಅಂಚಿನಲ್ಲಿ ಬಿಡಿಯಾಗಿ ನಿಂತಿರುತ್ತದೆ. ಊರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದು ಹೊರಗಿನವರಿಗೆ ತಿಳಿಯುವುದು ಕಷ್ಟ. ಪೇಟೆ ಬೆಳೆಯುವುದು ರಸ್ತೆ ಕೂಡುವಲ್ಲಿ. ಶಂಕರಪುರವೂ ಹಾಗೆ ಬೆಳೆದದ್ದು.

ಇದಕ್ಕೆ ತೀರಾ ವಿರುದ್ಧವಾದ ಕ್ರಮ ಅಮೆರಿಕದ ಗ್ರಾಮೀಣ ಟೌನ್‌ಶಿಪ್‌ಗಳದ್ದು. 1785ರ ಭೂ ಕಾಯ್ದೆಯಂತೆ ಓಹಾಯೋ ನದಿಯಿಂದ ಪಶ್ಚಿಮದ ನೆಲವನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಅಳೆದರು. ಒಂದೊಂದು ಚೌಕದಲ್ಲಿ 640 ಎಕರೆಯ 36 ವಿಭಾಗಗಳು. ಅಲ್ಲಿ ಮೊದಲು ಗೆರೆ ಬಿತ್ತು, ಜನ ಆಮೇಲೆ ಬಂದರು. ಇಲ್ಲಿ ಜನ ಮೊದಲು ನೆಲೆ ನಿಂತರು, ಕಂದಾಯದ ಗೆರೆ ಆಮೇಲೆ ಬಂತು.

ಇಲ್ಲಿನ ಆಡಳಿತದ ಗೆರೆಗಳೂ ಹಲವು ಸಲ ಬದಲಾಗಿವೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೆನರಾ ಪ್ರಾಂತ್ಯ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಮುಂದೆ ಅದು ಉತ್ತರ, ದಕ್ಷಿಣ ಎಂದು ಎರಡಾದಾಗ ಈ ಭಾಗ ದಕ್ಷಿಣ ಕೆನರಾದೊಂದಿಗೆ ಮದರಾಸು ಆಡಳಿತದಲ್ಲೇ ಉಳಿಯಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯ ಸೇರಿತು. 1997ರ ಆಗಸ್ಟ್‌ನಲ್ಲಿ ದಕ್ಷಿಣ ಕನ್ನಡದಿಂದ ಉಡುಪಿ ಬೇರೆ ಜಿಲ್ಲೆಯಾಯಿತು. ಆಗ ಜಿಲ್ಲೆಗೆ ಇದ್ದದ್ದು ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರು ತಾಲ್ಲೂಕುಗಳು. ಶಂಕರಪುರ ಉಡುಪಿ ತಾಲ್ಲೂಕಿನಲ್ಲಿತ್ತು. 2018ರಲ್ಲಿ ಹೊಸ ತಾಲ್ಲೂಕುಗಳು ಆಗುವಾಗ ಅದು ಕಾಪುವಿಗೆ ಸೇರಿತು.

ಸಂಚಾರಕ್ಕೆ ಇಲ್ಲಿ ಮುಖ್ಯವಾದದ್ದು ಕಟಪಾಡಿಯಿಂದ ಬಂಟಕಲ್, ಶಿರ್ವ ದಾಟಿ ಬೆಳ್ಮಣ್ಣಿಗೆ ಹೋಗುವ ರಸ್ತೆ. ಬೆಳ್ಮಣ್ಣಿನಲ್ಲಿ ಅದು ಪಡುಬಿದ್ರಿ–ಕಾರ್ಕಳ ಹೆದ್ದಾರಿಯನ್ನು ಕೂಡುತ್ತದೆ. ಕೊಂಕಣ ರೈಲ್ವೆಯ ಇನ್ನಂಜೆ ನಿಲ್ದಾಣ ಸಮೀಪದಲ್ಲೇ ಇದೆ. ಜನರ ದಿನನಿತ್ಯದ ಓಡಾಟ ನಡೆಯುವುದು ಖಾಸಗಿ ಬಸ್ಸುಗಳಲ್ಲಿ. ಉಡುಪಿ, ಮಣಿಪಾಲಗಳ ಆಸ್ಪತ್ರೆ, ಕಾಲೇಜು, ಕಚೇರಿಗಳಿಗೆ ಹೋಗುವವರು ಬೆಳಿಗ್ಗೆ ಹೊರಟು ಸಂಜೆ ಮನೆ ಸೇರುತ್ತಾರೆ.

ಜನ ಮತ್ತು ಭಾಷೆ

2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ 11,77,361. ಸಾವಿರ ಗಂಡಸರಿಗೆ 1,094 ಹೆಂಗಸರಿದ್ದು, ಇದು ರಾಜ್ಯದ ಜಿಲ್ಲೆಗಳಲ್ಲೇ ಅತಿ ಹೆಚ್ಚು. ರಾಜ್ಯದ ಸರಾಸರಿ 973. ಸಾಕ್ಷರತೆ ರಾಜ್ಯದಲ್ಲಿ ಶೇ 75.36 ಇದ್ದರೆ ಜಿಲ್ಲೆಯಲ್ಲಿ ಶೇ 86.24. ಹೆಂಗಸರ ಪ್ರಮಾಣ ಹೆಚ್ಚಿರಲು ಒಂದು ಕಾರಣ ವಲಸೆ. ಕಳೆದ ಶತಮಾನದ ಆರಂಭದಿಂದಲೇ ಇಲ್ಲಿನ ಗಂಡಸರು ಮುಂಬೈಯ ಹೋಟೆಲು, ಗಿರಣಿ, ಬ್ಯಾಂಕುಗಳಿಗೆ ಹೋದರು. 1970ರ ದಶಕದಿಂದೀಚೆಗೆ ಕೊಲ್ಲಿ ದೇಶಗಳ ದಾರಿ ಹಿಡಿದರು. ಊರಿನಲ್ಲಿ ಉಳಿದ ತಾಯಿ, ಹೆಂಡತಿ, ಅತ್ತೆಯರು ಮನೆಯನ್ನೂ ಜಮೀನನ್ನೂ ನೋಡಿಕೊಂಡರು. ಮನೆ ಬಿಟ್ಟು ಹೋಗದೆ ಮಾಡಬಹುದಾದ ದುಡಿಮೆಗೆ ಬೆಲೆ ಬಂತು. ಕರಾವಳಿಯ ಬಹಳಷ್ಟು ಮನೆಗಳಲ್ಲಿ ಅದು ಬೀಡಿ ಕಟ್ಟುವುದಾದರೆ ಶಂಕರಪುರದ ಸುತ್ತ ಹೂ ಕಟ್ಟುವುದು.

ಜನ ಆಡುವ ಭಾಷೆ ಮುಖ್ಯವಾಗಿ ತುಳು. ಕ್ರೈಸ್ತರು, ಗೌಡ ಸಾರಸ್ವತರು, ಬಂಟಕಲ್ ಕಡೆಯ ರಾಜಾಪುರ ಸಾರಸ್ವತರು ಮನೆಯಲ್ಲಿ ಬೇರೆಬೇರೆ ಬಗೆಯ ಕೊಂಕಣಿ ಆಡುತ್ತಾರೆ. ಮುಸ್ಲಿಮರಲ್ಲಿ ಬ್ಯಾರಿ, ಉರ್ದು ಇವೆ. ಶಾಲೆ, ಕಚೇರಿ, ಪತ್ರಿಕೆಯ ಭಾಷೆ ಕನ್ನಡ. ಅಂಗಡಿ ಕಟ್ಟೆಯಲ್ಲಿ ಮಾತ್ರ ಯಾರಾದರೂ ತುಳುವಿಗೇ ಬರುತ್ತಾರೆ. ಬಿಲ್ಲವ, ಬಂಟ, ಶಿವಳ್ಳಿ ಬ್ರಾಹ್ಮಣ, ವಿಶ್ವಕರ್ಮ, ಕುಲಾಲ, ದೇವಾಡಿಗ ಮೊದಲಾದ ಸಮುದಾಯಗಳ ಮನೆಗಳು ಒಂದರ ಪಕ್ಕ ಒಂದು ಇವೆ. ಬಂಟ, ಬಿಲ್ಲವ ಮೊದಲಾದವರಲ್ಲಿ ಹಿಂದೆ ಇದ್ದ ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುತ್ತಿತ್ತು.

ಗೋವಾದಿಂದ ಕೆನರಾಕ್ಕೆ 16ರಿಂದ 18ನೇ ಶತಮಾನದವರೆಗೆ ಹಲವು ಸಲ ವಲಸೆ ಬಂದ ಕೊಂಕಣಿ ಕಥೋಲಿಕರು ಈ ಕಡೆಯ ಹಳ್ಳಿಗಳಲ್ಲಿ ಕೃಷಿಕರಾಗಿ ನೆಲೆಸಿದರು. ಶಂಕರಪುರದ ಸಂತ ಜೋನರ ಚರ್ಚು, ಶಿರ್ವದ ಆರೋಗ್ಯ ಮಾತೆಯ ಚರ್ಚು ಅವರ ಕೇಂದ್ರಗಳು. 2012ರಲ್ಲಿ ಮಂಗಳೂರು ಧರ್ಮಪ್ರಾಂತ್ಯದಿಂದ ಉಡುಪಿ ಬೇರೆಯಾದಾಗ ಇವು ಹೊಸ ಧರ್ಮಪ್ರಾಂತ್ಯಕ್ಕೆ ಸೇರಿದವು. ಶಂಕರಪುರದಲ್ಲಿ ಮಲ್ಲಿಗೆಯನ್ನು ಬೆಳೆಯಾಗಿ ಮೊದಲು ಬೆಳೆಸಿದವರು ಕ್ರೈಸ್ತ ಕುಟುಂಬಗಳು ಎಂಬ ಮಾತು ಊರಿನಲ್ಲಿದೆ. ಈಗ ಎಲ್ಲ ಸಮುದಾಯದವರ ಅಂಗಳದಲ್ಲೂ ಗಿಡಗಳಿವೆ.

ಭೂಸುಧಾರಣೆಯೂ ಇದಕ್ಕೆ ನೆರವಾಯಿತು. 1974ರಲ್ಲಿ ತಿದ್ದುಪಡಿಯಾದ ಕಾನೂನಿನಿಂದ ಕರಾವಳಿಯ ಸಾವಿರಾರು ಗೇಣಿದಾರರು ತಾವು ಉಳುತ್ತಿದ್ದ ಭೂಮಿಗೆ ಒಡೆಯರಾದರು. ಕೈಗೆ ಬಂದದ್ದು ಸಣ್ಣ ಹಿಡುವಳಿ. ಆಳಿನ ಕೂಲಿ ಏರಿ ಭತ್ತದಲ್ಲಿ ಲಾಭ ಇಳಿದಾಗ, ಕೆಲವೇ ಸೆಂಟ್ಸ್ ಜಾಗದಲ್ಲಿ ದಿನವೂ ಕಾಸು ಕೊಡುವ ಬೆಳೆಗೆ ಜನ ಒಲಿದರು.

ಗಿಡದ ಆರೈಕೆ

ಶಂಕರಪುರ ಮಲ್ಲಿಗೆಯ ಸಸ್ಯಶಾಸ್ತ್ರೀಯ ಹೆಸರು ಜಾಸ್ಮಿನಮ್ ಸಂಬಾಕ್. ಬೀಜದಿಂದ ಇದನ್ನು ಬೆಳೆಸುವುದಿಲ್ಲ. ಬಲಿತ ಕಡ್ಡಿಯನ್ನು ಬೇರು ಬರಿಸಿ ನೆಡುತ್ತಾರೆ. ಹೊಂಡಕ್ಕೆ ಸುಡುಮಣ್ಣು, ಹಟ್ಟಿಗೊಬ್ಬರ ತುಂಬುತ್ತಾರೆ. ಗಿಡ ಹಿಡಿದ ಮೇಲೆ ನೆಲಗಡಲೆ ಹಿಂಡಿಯನ್ನು ನೀರಿನಲ್ಲಿ ಕೊಳೆಸಿ, ಸಗಣಿಯೊಂದಿಗೆ ಕದಡಿ ಬುಡಕ್ಕೆ ಹೊಯ್ಯುವುದು ಇಲ್ಲಿನ ರೂಢಿ. ಮಳೆಗಾಲ ಮುಗಿದ ಮೇಲೆ ಗೆಲ್ಲುಗಳನ್ನು ಸವರುತ್ತಾರೆ. ಆಮೇಲೆ ಬಂದ ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು ಕಟ್ಟುವುದು.

ಮಾರ್ಚ್‌ನಿಂದ ಮೇವರೆಗೆ ಹೂವಿನ ಸುಗ್ಗಿ. ಮಳೆಗಾಲದಲ್ಲಿ ಮೊಗ್ಗು ನೀರುಂಡು ಕೆಡುತ್ತದೆ, ಬುಡಕ್ಕೆ ಕೊಳೆರೋಗ ಬರುತ್ತದೆ. ಚಳಿಗಾಲದಲ್ಲಿ ಮೊಗ್ಗು ಕಡಿಮೆ. ಮೊಗ್ಗು ಕೊರೆಯುವ ಹುಳು, ನುಸಿ ವರ್ಷವಿಡೀ ಕಾಡುತ್ತವೆ.

ಚೆಂಡು, ಅಟ್ಟೆ, ಕಟ್ಟೆ

ಕೊಯ್ಲು ಬೆಳ್ಳಂಬೆಳಿಗ್ಗೆ ಆಗಬೇಕು. ಅಂದಿನ ಸಂಜೆಗೆ ಅರಳಲಿರುವ, ಬಿಳುಪಾಗಿ ತುಂಬಿಕೊಂಡ ಮೊಗ್ಗನ್ನು ಮಾತ್ರ ಚಿವುಟುತ್ತಾರೆ. ಹಸಿರು ಇನ್ನೂ ಉಳಿದಿದ್ದರೆ ಅದು ನಾಳೆಯದು. ಕೊಯ್ದ ಮೊಗ್ಗನ್ನು ಮನೆಯ ಚಾವಡಿಯಲ್ಲಿ ಹರವಿ, ಮಕ್ಕಳಿಂದ ಅಜ್ಜಿಯವರೆಗೆ ಎಲ್ಲರೂ ಕೂತು ಕಟ್ಟುತ್ತಾರೆ. ಸೂಜಿಯಿಲ್ಲ, ಪೇಟೆಯ ನೂಲಿಲ್ಲ. ಬಾಳೆಯ ಒಣಗಿದ ಪಟ್ಟೆಯನ್ನು ನೀರಿನಲ್ಲಿ ನೆನೆಸಿ, ತೆಳ್ಳಗೆ ಸೀಳಿ ತೆಗೆದ ನಾರೇ ಹಗ್ಗ. ಕೆಲವು ಮೊಗ್ಗುಗಳನ್ನು ಎದುರುಬದುರು ಇಟ್ಟು ನಾರಿನ ಒಂದು ಸುತ್ತು, ಒಂದು ಗಂಟು. ಮತ್ತೆ ಅಷ್ಟೇ ಮೊಗ್ಗು, ಮತ್ತೊಂದು ಗಂಟು. ಬಿಗಿ ಹೆಚ್ಚಾದರೆ ತೊಟ್ಟು ಕತ್ತರಿಸುತ್ತದೆ, ಸಡಿಲವಾದರೆ ಮುಡಿಯುವಾಗ ಉದುರುತ್ತದೆ.

ಹೀಗೆ ಕಟ್ಟಿದ 800 ಹೂವಿಗೆ ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಂದರೆ 3,200 ಹೂವು. ಇಲ್ಲಿ ಮಲ್ಲಿಗೆ ತೂಕದಲ್ಲಿ ಮಾರಾಟವಾಗುವುದಿಲ್ಲ, ಎಣಿಕೆಯಲ್ಲೇ ವ್ಯವಹಾರ. ಬಾಳೆ ಎಲೆಯಲ್ಲಿ ಸುತ್ತಿದ ಚೆಂಡುಗಳು ಬೆಳಿಗ್ಗೆಯೇ ಹೂವಿನ ವ್ಯಾಪಾರ ನಡೆಯುವ ಕಟ್ಟೆ ಸೇರುತ್ತವೆ. ಅಂದು ಬಂದ ಹೂವು ಎಷ್ಟು, ಬೇಡಿಕೆ ಎಷ್ಟು ಎಂದು ನೋಡಿ ವ್ಯಾಪಾರಿಗಳು ಅಟ್ಟೆಗೆ ದರ ನಿಗದಿ ಮಾಡುತ್ತಾರೆ. ಶಂಕರಪುರದ ಕಟ್ಟೆಯಲ್ಲಿ ಗೊತ್ತಾದ ದರವೇ ಸುತ್ತಲಿನ ಊರುಗಳಿಗೂ ಆ ದಿನದ ದರ. ಪತ್ರಿಕೆಗಳೂ ಇದನ್ನು ಪ್ರಕಟಿಸುತ್ತವೆ.

ದರದ ಏರಿಳಿತ ದೊಡ್ಡದು. ಮದುವೆ, ನೇಮ, ಜಾತ್ರೆಗಳು ಕೂಡಿಬಂದು ಹೂವು ಕಡಿಮೆಯಿದ್ದ ದಿನಗಳಲ್ಲಿ ಅಟ್ಟೆ ಈಚಿನ ವರ್ಷಗಳಲ್ಲಿ 2,100 ರೂಪಾಯಿಯ ಗರಿಷ್ಠ ಮಟ್ಟ ಮುಟ್ಟಿದೆ. ಆ ದರದಲ್ಲೂ ಒಂದು ಹೂವಿಗೆ ಬೀಳುವುದು ಸುಮಾರು 65 ಪೈಸೆ. ಸುಗ್ಗಿಯಲ್ಲಿ ಹೂವು ರಾಶಿ ಬಿದ್ದಾಗಲೂ ಶುಭಕಾರ್ಯಗಳಿಲ್ಲದ, ತುಳುವರ ಆಟಿ ತಿಂಗಳಲ್ಲೂ ದರ ಅದರ ಒಂದು ಪಾಲಿಗೆ ಇಳಿದುಬಿಡುತ್ತದೆ.

ಹೂವು ಹೋಗುವ ಕಡೆ

ಕರಾವಳಿಯಲ್ಲಿ ಮಲ್ಲಿಗೆಯಿಲ್ಲದೆ ಶುಭಕಾರ್ಯ ಸಾಗದು. ಮದುಮಗಳ ಜಡೆಗೆ, ಸೀಮಂತಕ್ಕೆ, ಭೂತದ ನೇಮಕ್ಕೆ, ನಾಗನ ಸೇವೆಗೆ, ದೇವಿಯ ಗುಡಿಗೆ ಅದು ಬೇಕು. ಕಾಪುವಿನ ಮಾರಿಗುಡಿಗಳಲ್ಲಿ ಸುಗ್ಗಿ ಮಾರಿಪೂಜೆಯ ಹೊತ್ತಿಗೆ ಮಲ್ಲಿಗೆಯ ರಾಶಿಯೇ ಬೀಳುತ್ತದೆ. ಸೆಪ್ಟೆಂಬರ್ 8ರಂದು ಕ್ರೈಸ್ತರು ಆಚರಿಸುವ ಮೊಂತಿ ಹಬ್ಬದಲ್ಲಿ ಮಕ್ಕಳು ಬಾಲ ಮರಿಯಮ್ಮನಿಗೆ ಹೂವು ಅರ್ಪಿಸುತ್ತಾರೆ, ಹೊಸ ತೆನೆಯನ್ನು ಆಶೀರ್ವದಿಸಿ ಹಂಚುತ್ತಾರೆ. ಉಡುಪಿ, ಮಂಗಳೂರು ಪೇಟೆಗಳಿಗೆ ಹೂವು ಬಸ್ಸಿನಲ್ಲೇ ಹೋಗುತ್ತದೆ. ಮುಂಬೈಗೆ ಹೋಗುವ ಕಟ್ಟುಗಳು ಮಂಗಳೂರು ವಿಮಾನ ನಿಲ್ದಾಣ ಸೇರಿ ಅಂದೇ ತಲುಪುತ್ತವೆ. ಊರು ಬಿಟ್ಟು ಹೋದವರೇ ಅಲ್ಲಿ ಈ ಹೂವಿನ ದೊಡ್ಡ ಗಿರಾಕಿಗಳು.

ಈ ಮಲ್ಲಿಗೆಗೆ ‘ಉಡುಪಿ ಮಲ್ಲಿಗೆ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಕರ್ನಾಟಕದ ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಗಳಿಗೂ ಅದೇ ಮಾನ್ಯತೆ ಇದೆ. ಶಂಕರಪುರದಿಂದ ಹೆಚ್ಚು ದೂರವಿಲ್ಲದ ಮಟ್ಟುವಿನ ಗುಳ್ಳ ಬದನೆಗೆ 2011ರಲ್ಲಿ ಸೂಚಕ ದೊರೆಯಿತು. ಒಂದೇ ತಾಲ್ಲೂಕಿನ ಮರಳು ಪಟ್ಟಿಯಲ್ಲಿ ಗುಳ್ಳ, ಮುರಕಲ್ಲಿನ ಪಟ್ಟಿಯಲ್ಲಿ ಮಲ್ಲಿಗೆ ಹೀಗೆ ಹೆಸರು ಮಾಡಿವೆ.

ಬೆಳೆ ಈಗ ಶಂಕರಪುರಕ್ಕಷ್ಟೇ ಸೀಮಿತವಲ್ಲ. ಬಂಟಕಲ್, ಶಿರ್ವ, ಬೆಳ್ಳೆ, ಪೆರ್ಣಂಕಿಲ, ಕಾರ್ಕಳದ ಕಡೆಗಳಲ್ಲೂ ಗಿಡಗಳಿವೆ. ಅಲ್ಲಿಯ ಹೂವನ್ನೂ ಜನ ಕೊಳ್ಳುವುದು ಶಂಕರಪುರ ಮಲ್ಲಿಗೆ ಎಂದೇ. ಇತ್ತ ಪೇಟೆಯ ಸುತ್ತ ನಿವೇಶನದ ಬೆಲೆ ಏರಿ, ಅಂಗಳದ ಜಾಗದಲ್ಲಿ ಕಟ್ಟಡ ಏಳುತ್ತಿದೆ. ಹೂ ಕೊಯ್ಯಲು, ಕಟ್ಟಲು ಕೈಗಳು ಸಾಲದೆ ಕೆಲವರು ಗಿಡ ತೆಗೆದಿದ್ದಾರೆ. ಇನ್ನು ಕೆಲವರು ತಾರಸಿಯ ಮೇಲೆ ಕುಂಡ, ಚೀಲಗಳಲ್ಲಿ ಮಲ್ಲಿಗೆ ಬೆಳೆಸಿ ಕಟ್ಟೆಗೆ ಹೂವು ಕಳಿಸುತ್ತಿದ್ದಾರೆ. ಅಲ್ಲಿ ನೀರು ನಿಲ್ಲುವ ಭಯವಿಲ್ಲ, ಬುಡದ ರೋಗವೂ ಕಡಿಮೆ, ಕೊಯ್ಯಲು ಬಗ್ಗಬೇಕಾಗಿಲ್ಲ.