ನಳಿಕೆಯ ಆಹಾರಕ್ಕೆ ಅಳತೆ ಏಕೆ?



ದಿನವೂ ಜೋಳದ ರೊಟ್ಟಿ ಉಂಡು ಹೊಲದಲ್ಲಿ ದುಡಿಯುತ್ತಿದ್ದವರು ವೆಂಟಿಲೇಟರ್ ಮೇಲೆ ಮಲಗಿದಾಗ, ಮೂಗಿನ ನಳಿಕೆಯಿಂದ ಹನಿಹನಿಯಾಗಿ ಇಳಿಯುವ ದ್ರವ ಕಂಡು "ಇಷ್ಟು ಸಾಕೇ?" ಎಂಬ ಚಿಂತೆ ಇಟಗಿಯಿಂದ ಬಂದ ನಿಮಗೆ ಸಹಜ.

ಆಹಾರ ಬಹಳ ಕಡಿಮೆಯಾದರೆ ಮೈಯ ಸ್ನಾಯುಗಳು ಕರಗುತ್ತವೆ, ಉಸಿರಾಟದ ಸ್ನಾಯುಗಳೂ ಸೊರಗುತ್ತವೆ. ಹೆಚ್ಚಾದರೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚು ಉತ್ಪತ್ತಿಯಾಗಿ ಶ್ವಾಸಕೋಶಕ್ಕೆ ದುಡಿಮೆ ಹೆಚ್ಚುತ್ತದೆ. ಎರಡರಿಂದಲೂ ವೆಂಟಿಲೇಟರ್ ಬಿಡಿಸುವುದು ತಡವಾಗಬಹುದು.

ಅಳೆಯುವುದು ಹೇಗೆ?

ಒಲೆ ಉರಿಯಲು ಗಾಳಿ ಬೇಕಾದಂತೆ, ದೇಹದಲ್ಲಿ ಆಹಾರ ಶಕ್ತಿಯಾಗಲು ಆಮ್ಲಜನಕ ಬೇಕು. ರೋಗಿ ಬಳಸುವ ಆಮ್ಲಜನಕ ಮತ್ತು ಹೊರಬಿಡುವ ಇಂಗಾಲದ ಡೈಆಕ್ಸೈಡನ್ನು ಅಳೆದು ಶಕ್ತಿಯ ವೆಚ್ಚ ತಿಳಿಯುವ ಯಂತ್ರವಿದೆ. ಇದಕ್ಕೆ ಪರೋಕ್ಷ ಕ್ಯಾಲೊರಿಮಾಪನ ಎನ್ನುತ್ತಾರೆ. ಇದರ ಲೆಕ್ಕಕ್ಕೆ ವೀರ್ ಎಂಬ ವಿಜ್ಞಾನಿ 1949ರಲ್ಲಿ ಪ್ರಕಟಿಸಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ. 1 ಲೀಟರ್ ಆಮ್ಲಜನಕ ಬಳಸಿದರೆ ಸುಮಾರು 4.8 ಕಿಲೊಕ್ಯಾಲೊರಿ ವೆಚ್ಚವಾಗುತ್ತದೆ. ನಿಮಿಷಕ್ಕೆ 250 ಮಿ.ಲೀ. ಬಳಸುವ ರೋಗಿಗೆ ದಿನಕ್ಕೆ ಸುಮಾರು 1,700 ಕಿಲೊಕ್ಯಾಲೊರಿ ಆಯಿತು.

ಈ ಯಂತ್ರ ದುಬಾರಿ. ಇಲ್ಲದ ಕಡೆ ವೈದ್ಯರು ತೂಕ ನೋಡಿ ಅಂದಾಜು ಮಾಡುತ್ತಾರೆ. ಕಿಲೋ ತೂಕಕ್ಕೆ 25 ಕಿಲೊಕ್ಯಾಲೊರಿಯಂತೆ, 60 ಕಿಲೋ ರೋಗಿಗೆ 1,500. ಆದರೆ ಮೊದಲ ದಿನಗಳಲ್ಲಿ ದೇಹ ಅಷ್ಟನ್ನೂ ತಾಳದು. ಸ್ವಲ್ಪದಿಂದ ಆರಂಭಿಸಿ ದಿನಗಳೆದಂತೆ ಹೆಚ್ಚಿಸುತ್ತಾರೆ. ಜ್ವರ ಬಂದರೆ ಅಗತ್ಯ ಏರುತ್ತದೆ, ನಿದ್ರೆಯ ಔಷಧಿ ಕೊಟ್ಟರೆ ಇಳಿಯುತ್ತದೆ. ಆದ್ದರಿಂದ ನಿನ್ನೆಯ ಅಳತೆ ಇಂದು ಬದಲಾಗಬಹುದು.

ನೀವು ಮಾಡಬೇಕಾದದ್ದು

1. ರೋಗಿಯ ಮೊದಲಿನ ತೂಕವನ್ನು ಸರಿಯಾಗಿ ತಿಳಿಸಿರಿ.

2. ಕೆಲವು ದಿನಗಳಿಂದ ಊಟ ಬಿಟ್ಟಿದ್ದರೆ, ಮದ್ಯಪಾನದ ಅಭ್ಯಾಸವಿದ್ದರೆ ಮುಚ್ಚಿಡಬೇಡಿರಿ. ಬಹುದಿನ ಉಪವಾಸವಿದ್ದವರಿಗೆ ಒಮ್ಮೆಲೇ ಹೆಚ್ಚು ಉಣಿಸಿದರೆ ರಕ್ತದ ಲವಣಗಳು ಕುಸಿದು ಜೀವಕ್ಕೇ ಅಪಾಯ.

3. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಇದ್ದರೆ ಹೇಳಿರಿ.

4. ಮನೆಯ ಗಂಜಿ, ಎಳನೀರು, ತೀರ್ಥ ಯಾವುದನ್ನೂ ಕೇಳದೆ ಬಾಯಿಗೆ ಅಥವಾ ನಳಿಕೆಗೆ ಹಾಕಬೇಡಿರಿ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

5. ತಲೆಯ ಕಡೆ ಎತ್ತರಿಸಿದ ಹಾಸಿಗೆಯನ್ನು ಇಳಿಸಬೇಡಿರಿ.

ಪ್ರೀತಿಯಿಂದ ಉಣಿಸುವ ಕೈ ನಿಮ್ಮದು. ಈಗ ಕೆಲವು ದಿನ ಆ ಕೆಲಸವನ್ನು ಅಳತೆಗೆ ಬಿಡಿರಿ. ಸಂಶಯವಿದ್ದರೆ ದಾದಿಯರನ್ನು ಸಂಕೋಚವಿಲ್ಲದೆ ಕೇಳಿರಿ.