ಹಳ್ಳಿಯ ಹಲ್ಲುನೋವು

ಹಲ್ಲುನೋವಿನಿಂದ ಯಾರೂ ಸಾಯುವುದಿಲ್ಲವೆಂಬ ನಂಬಿಕೆಯು ನಮ್ಮ ಗ್ರಾಮಸ್ಥರಿಗೆ ಮಾಡಿರುವ ಕೇಡು ಅಷ್ಟಿಷ್ಟಲ್ಲ. ದವಡೆಹಲ್ಲು ಹುಳುಕಾದ ಕೂಲಿಗಾರನು ಮೊದಲು ಲವಂಗವನ್ನು ಕಚ್ಚಿ ಹಿಡಿಯುತ್ತಾನೆ. ಬಳಿಕ ಅಂಗಡಿಯ ಮಾತ್ರೆಯನ್ನು ನುಂಗುತ್ತಾನೆ. ಕೆನ್ನೆ ಬಾತು ನಿದ್ದೆಗೆಟ್ಟ ಮೇಲೆ ಒಂದು ದಿನದ ಕೂಲಿಯನ್ನು ಬಿಟ್ಟು ಪಟ್ಟಣಕ್ಕೆ ಬರುತ್ತಾನೆ. ತುಂಬಿಸಿ ಉಳಿಸಬಹುದಾಗಿದ್ದ ಹಲ್ಲನ್ನು ಆಗ ಕೀಳದೆ ಗತ್ಯಂತರವಿರುವುದಿಲ್ಲ.

ಇದಕ್ಕೆ ವೈದ್ಯರ ಅಭಾವವೇ ಕಾರಣವೆಂದು ಹೇಳುವಂತಿಲ್ಲ. 1958ರಲ್ಲಿ ಬೆಂಗಳೂರಿನಲ್ಲಿ ಸರಕಾರಿ ದಂತವೈದ್ಯ ಕಾಲೇಜು, 1965ರಲ್ಲಿ ಮಣಿಪಾಲದ ಕಾಲೇಜು ಆರಂಭವಾದುವು. ಇಂದು ಕರ್ನಾಟಕದಲ್ಲಿ ಅಂತಹ ಕಾಲೇಜುಗಳು ನಲವತ್ತರ ಸುಮಾರಿಗಿವೆ. ಐದು ವರ್ಷ ವ್ಯಾಸಂಗಮಾಡಿ ಹೊರಬಂದವರ ಫಲಕಗಳು ನಗರದ ಒಂದೇ ಬೀದಿಯಲ್ಲಿ ಮೂರು ನಾಲ್ಕು ಕಾಣುತ್ತವೆ. ಸಾಲಮಾಡಿ ಕುರ್ಚಿ, ಯಂತ್ರಗಳನ್ನು ಕೊಂಡ ತರುಣನು ಹಳ್ಳಿಗೆ ಹೋಗಲಿಲ್ಲವೆಂದು ದೂರುವುದು ಸುಲಭ. ಆದರೆ ಅಲ್ಲಿ ಅವನಿಗೆ ಹುದ್ದೆಯೆಲ್ಲಿದೆ? ಸರಕಾರದ ದಂತವೈದ್ಯನು ಸಾಮಾನ್ಯವಾಗಿ ತಾಲ್ಲೂಕು ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರಗಳಲ್ಲಿಯೇ ನಿಲ್ಲುತ್ತಾನೆ. ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಇಳಿಯುವುದಿಲ್ಲ.

ಬಡ ವೃದ್ಧರಿಗೆ ಉಚಿತವಾಗಿ ಹಲ್ಲು ಕಟ್ಟಿಸಿಕೊಡುವ ದಂತಭಾಗ್ಯ ಯೋಜನೆಯನ್ನು 2014–15ರಲ್ಲಿ ಸರಕಾರದವರು ಕೈಕೊಂಡುದು ಸ್ತುತ್ಯವೇ ಸರಿ. ಆದರೆ ಹಲ್ಲೆಲ್ಲ ಉದುರಿದ ಮೇಲೆ ತೋರುವ ಈ ಕರುಣೆಯನ್ನು, ಅವು ಬಾಯಲ್ಲಿರುವಾಗಲೇ ಕಿಂಚಿತ್ತು ತೋರಬಾರದೇ?

ಪ್ರತಿ ಹಳ್ಳಿಗೂ ಪದವೀಧರನನ್ನು ಕಳುಹಿಸಬೇಕೆಂದು ನಾವು ಕೇಳುತ್ತಿಲ್ಲ. ಹಲ್ಲಿನ ಕಿಟ್ಟವನ್ನು ತೆಗೆದು ಶುಚಿಮಾಡುವ, ಶುಚಿತ್ವವನ್ನು ಬೋಧಿಸುವ ದಂತಶುಚಿಕಾರರಿಗೆ 1948ರ ದಂತವೈದ್ಯರ ಶಾಸನವೇ ಪ್ರತ್ಯೇಕ ಸ್ಥಾನವನ್ನು ಕೊಟ್ಟಿತ್ತು. ನಾವು ವೈದ್ಯರನ್ನು ತಯಾರಿಸಿದ ಭರದಲ್ಲಿ ಈ ವರ್ಗವನ್ನು ಮರೆತೆವು. ನ್ಯೂಜಿಲೆಂಡ್ ದೇಶದವರಾದರೋ 1921ರಿಂದಲೇ ತರುಣಿಯರಿಗೆ ಎರಡು ವರ್ಷಗಳ ಶಿಕ್ಷಣವನ್ನಿತ್ತು, ಶಾಲೆಗಳಲ್ಲಿಯೇ ಮಕ್ಕಳ ಹಲ್ಲುಗಳನ್ನು ತುಂಬಲು ಅವರನ್ನು ನಿಯಮಿಸಿದರು.

ಬಾಯಿಯನ್ನು ತೆರೆಸಿ ನೋಡುವವರು ಹತ್ತಿರದಲ್ಲಿದ್ದರೆ ಇನ್ನೊಂದು ಪ್ರಯೋಜನವೂ ಉಂಟು. ಎಲೆಯಡಿಕೆ, ಹೊಗೆಸೊಪ್ಪುಗಳು ನಮ್ಮಲ್ಲಿ ಮನೆಮಾತು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ, ಹೊಗೆಸೊಪ್ಪು ಬೆರೆಯದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಸಾರಿತು. ಅಡಿಕೆ ಬೆಳೆಯುವ ನಾಡಿಗೆ ಇದು ಪ್ರಿಯವಾದ ಮಾತಲ್ಲ. ಕೆನ್ನೆಯ ಒಳಗಿನ ಬಿಳಿಯ ಮಚ್ಚೆಯನ್ನು ಆರಂಭದಲ್ಲಿಯೇ ಕಂಡರೆ ಪ್ರಾಣವುಳಿದೀತು. ಹಲ್ಲುನೋವಿನಿಂದ ಯಾರೂ ಸಾಯುವುದಿಲ್ಲವೆಂದು ಸುಮ್ಮನಿದ್ದವನ ಬಾಯಿಯಲ್ಲಿ ಅದನ್ನು ಕಾಣುವವರಾರು?

ಮುಂದಿನ ಆಯವ್ಯಯದಲ್ಲಿ ಆರೋಗ್ಯ ಸಚಿವರು ಪ್ರತಿ ಹೋಬಳಿಗೆ ಒಬ್ಬ ದಂತಶುಚಿಕಾರರನ್ನೂ, ತಾಲ್ಲೂಕಿನ ದಂತವೈದ್ಯರು ವಾರಕ್ಕೊಮ್ಮೆ ಅಲ್ಲಿಗೆ ಬಂದುಹೋಗಲು ವಾಹನವನ್ನೂ ಮಂಜೂರು ಮಾಡಬೇಕೆಂದು ಸೂಚಿಸುತ್ತೇವೆ.